ಒಂದೇ ಸರ್ವರ್, ಹಲವು ಮನೆಪುಟಗಳು: ಬಳಕೆದಾರರಿಗೆ ಸ್ವಂತ ಜಾಲಪುಟದ ಜಾಗ ಕೊಡುವ ಬಗೆ

ಒಂದು ಲಿನಕ್ಸ್ ಸರ್ವರ್‌ನಲ್ಲಿ ಮೂವತ್ತು ಜನರಿಗೆ ಖಾತೆಗಳಿವೆ ಎಂದುಕೊಳ್ಳಿ. ಒಂದು ದಿನ ಯಾರೋ ಬಂದು, "ನನ್ನದೊಂದು ಪುಟ ಹಾಕಿಕೊಳ್ಳಲು ಜಾಗ ಸಿಗುತ್ತದೆಯೇ?" ಎಂದು ಕೇಳುತ್ತಾರೆ. ಸರ್ವರ್ ನೋಡಿಕೊಳ್ಳುವವರಿಗೆ ಆಗ ಎರಡು ದಾರಿಗಳಿವೆ. "ನನಗೆ ಕಳಿಸಿ, ನಾನೇ ಹಾಕುತ್ತೇನೆ" ಎನ್ನುವುದು ಒಂದು. ಹಾಗೆಂದವರು ಮುಂದಿನ ಎರಡು ವರ್ಷ ಬೇರೆಯವರ ಅಕ್ಷರದೋಷ ತಿದ್ದುತ್ತಾ ಕೂರುತ್ತಾರೆ. ಪ್ರತಿಯೊಬ್ಬರ ಹೋಮ್ ಫೋಲ್ಡರ್‌ನಲ್ಲೇ ಒಂದು ಜಾಗ ಗೊತ್ತುಮಾಡಿ, ಅಲ್ಲಿ ಇಟ್ಟದ್ದು ತಾನಾಗಿಯೇ ಜಾಲದಲ್ಲಿ ಕಾಣುವಂತೆ ಮಾಡುವುದು ಇನ್ನೊಂದು. ಇಲ್ಲಿ ಹೇಳಹೊರಟಿರುವುದು ಈ ಎರಡನೆಯ ದಾರಿಯನ್ನು.

ಸೌಲಭ್ಯವನ್ನು ಚಾಲೂ ಮಾಡಲು ಐದು ನಿಮಿಷ ಸಾಕು. ಒಬ್ಬರ ಪುಟದಿಂದ ಇನ್ನೊಬ್ಬರ ಗುಟ್ಟು ಬಯಲಾಗದಂತೆ, ಒಬ್ಬರ ಎಡವಟ್ಟು ಎಲ್ಲರ ತಲೆಗೆ ಬರದಂತೆ ನಡುವೆ ಗೋಡೆ ಎಬ್ಬಿಸುವುದಕ್ಕೆ ಮಾತ್ರ ಸಮಯ ಹಿಡಿಯುತ್ತದೆ. ಹಾಗಾಗಿ ಮೊದಲನೆಯದನ್ನು ಬೇಗ ಮುಗಿಸಿ, ಎರಡನೆಯದರಲ್ಲಿ ನಿಧಾನಿಸುತ್ತೇನೆ. ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಹೆಜ್ಜೆ 1: ಅಪಾಚೆಯಲ್ಲಿ ಯೂಸರ್‌ಡಿರ್ ಚಾಲೂ ಮಾಡುವುದು

ಅಪಾಚೆ ಎನ್ನುವುದು ಜಾಲಪುಟಗಳನ್ನು ಒದಗಿಸುವ ವೆಬ್ ಸರ್ವರ್ ತಂತ್ರಾಂಶ. ಬಳಕೆದಾರರ ಹೋಮ್ ಫೋಲ್ಡರ್‌ನಿಂದಲೇ ಪುಟ ತೋರಿಸುವ ಅದರ ಮಾಡ್ಯೂಲ್ ಯೂಸರ್‌ಡಿರ್. ವಿಳಾಸದ ಕೊನೆಯಲ್ಲಿ /~ಸುಮಾ/ ಎಂದು ಕಂಡರೆ ಅದು ಸುಮಾ ಎಂಬ ಬಳಕೆದಾರರ ಪುಟ ಎಂದರ್ಥ. ಟಿಲ್ಡೆ ಎನ್ನುವ ಈ ಅಲೆಗೆರೆಗೆ ಮನೆಯ ನಂಟು ಅಂಟಿದ್ದಕ್ಕೂ ಒಂದು ಕತೆಯಿದೆ. 1976ರ ಎಡಿಎಂ-3ಎ ಟರ್ಮಿನಲ್‌ನ ಕೀಲಿಮಣೆಯಲ್ಲಿ 'ಹೋಮ್' ಎಂದು ಬರೆದಿದ್ದ ಕೀಲಿಯ ಮೇಲೆಯೇ ~ ಚಿಹ್ನೆಯೂ ಇತ್ತು. ಯುನಿಕ್ಸ್ ಶೆಲ್‌ನಲ್ಲಿ ಅದು ಹೋಮ್ ಫೋಲ್ಡರ್‌ನ ಗುರುತಾಯಿತು, ಅಲ್ಲಿಂದ ಜಾಲದ ವಿಳಾಸಗಳಿಗೂ ಬಂತು. ಪುಟಗಳನ್ನು ಇಡುವ ಫೋಲ್ಡರ್‌ಗೆ ಪಬ್ಲಿಕ್_ಎಚ್‌ಟಿಎಂಎಲ್ ಎಂಬ ಹೆಸರೂ 1990ರ ದಶಕದ ಆರಂಭದ ಎನ್‌ಸಿಎಸ್‌ಎ ಎಂಬ ಹಳೆಯ ವೆಬ್ ಸರ್ವರ್ ಕಾಲದ್ದೇ. ಅಪಾಚೆ ಅದನ್ನು ಹಾಗೆಯೇ ಮುಂದುವರಿಸಿಕೊಂಡು ಬಂದಿದೆ.

ಡೆಬಿಯನ್, ಉಬುಂಟುಗಳಲ್ಲಿ ಎರಡೇ ಸಾಲು:

ಸುಡೊ ಎ2ಎನ್‌ಮಾಡ್ ಯೂಸರ್‌ಡಿರ್
ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಅಪಾಚೆ2

ರೆಡ್ ಹ್ಯಾಟ್, ಫೆಡೋರಾ ಬಳಗದಲ್ಲಿ ಮಾಡ್ಯೂಲ್ ಮೊದಲೇ ಇರುತ್ತದೆ, ಆದರೆ ಸೌಲಭ್ಯ ಮುಚ್ಚಿರುತ್ತದೆ. ಕಾನ್ಫ್.ಡಿ ಫೋಲ್ಡರ್‌ನ ಯೂಸರ್‌ಡಿರ್ ಫೈಲ್ ತೆರೆದು 'ಯೂಸರ್‌ಡಿರ್ ಡಿಸೇಬಲ್ಡ್' ಎಂಬ ಸಾಲನ್ನು ಅಳಿಸಿ, 'ಯೂಸರ್‌ಡಿರ್ ಪಬ್ಲಿಕ್_ಎಚ್‌ಟಿಎಂಎಲ್' ಸಾಲಿನ ಮುಂದಿರುವ # ಚಿಹ್ನೆಯನ್ನು ತೆಗೆಯಬೇಕು.

ಇಷ್ಟು ಮಾಡಿದರೆ ಖಾತೆ ಇರುವ ಎಲ್ಲರಿಗೂ ಬಾಗಿಲು ತೆರೆದುಕೊಳ್ಳುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಕೇಳಿದವರಿಗೆ ಮಾತ್ರ ಕೊಡುವುದು ಒಳ್ಳೆಯದು. ಅದಕ್ಕೆ ಮೂರು ಸಾಲು ಸಾಕು:

ಯೂಸರ್‌ಡಿರ್ ಪಬ್ಲಿಕ್_ಎಚ್‌ಟಿಎಂಎಲ್
ಯೂಸರ್‌ಡಿರ್ ಡಿಸೇಬಲ್ಡ್
ಯೂಸರ್‌ಡಿರ್ ಎನೇಬಲ್ಡ್ ಸುಮಾ ರವಿ

ಎರಡನೆಯ ಸಾಲು ಎಲ್ಲರಿಗೂ ಮುಚ್ಚುತ್ತದೆ, ಮೂರನೆಯದು ಹೆಸರು ಹಿಡಿದು ತೆರೆಯುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಎಲ್ಲರಿಗೂ ತೆರೆದ ಸರ್ವರ್‌ನಲ್ಲಿ ಇಲ್ಲದ ಬಳಕೆದಾರರ ಹೆಸರು ಕೇಳಿದರೆ 404 ('ಸಿಗಲಿಲ್ಲ') ಬರುತ್ತದೆ, ಖಾತೆಯಿದ್ದು ಒಳಗೆ ಹೋಗಲು ಅನುಮತಿ ಇಲ್ಲದಿದ್ದರೆ 403 ('ಪ್ರವೇಶವಿಲ್ಲ') ಬರುತ್ತದೆ. ಹೊರಗಿನವರು ಒಂದೊಂದೇ ಹೆಸರು ಹಾಕಿ ನೋಡುತ್ತಾ ಯಾರ ಯಾರ ಖಾತೆಗಳಿವೆ ಎಂದು ಇಷ್ಟರಲ್ಲೇ ಪತ್ತೆಹಚ್ಚಬಹುದು. ಅವರು ಪಾಸ್‌ವರ್ಡ್ ಊಹಿಸಲು ಹೊರಟರೆ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಬದಲಾವಣೆ ಮಾಡಿದಾಗಲೆಲ್ಲ 'ಅಪಾಚೆಸಿಟಿಎಲ್ ಕಾನ್ಫಿಗ್‌ಟೆಸ್ಟ್' ಓಡಿಸಿ, 'ಸಿಂಟ್ಯಾಕ್ಸ್ ಓಕೆ' ಬಂದ ಮೇಲಷ್ಟೇ ಸೇವೆಯನ್ನು ರೀಲೋಡ್ ಮಾಡಿ. ಒಂದು ಅಲ್ಪವಿರಾಮದ ತಪ್ಪಿಗೆ ಮೂವತ್ತು ಜನರ ಪುಟಗಳನ್ನು ಮಲಗಿಸಿದ ಮೇಲೆ ಈ ಅಭ್ಯಾಸ ತಾನಾಗಿಯೇ ಬರುತ್ತದೆ. ಅದಕ್ಕೆ ಮುಂಚೆಯೇ ಬಂದರೆ ಒಳ್ಳೆಯದು.

ಹೆಜ್ಜೆ 2: ಅನುಮತಿಗಳು

ಚಾಲೂ ಮಾಡಿದ ತಕ್ಷಣ ಹತ್ತರಲ್ಲಿ ಒಂಬತ್ತು ಜನರಿಗೆ ಕಾಣುವುದು ಅವರ ಪುಟವಲ್ಲ, 403. ವೆಬ್ ಸರ್ವರ್ ಓಡುವುದು ತನ್ನದೇ ಒಂದು ಖಾತೆಯಲ್ಲಿ. ಡೆಬಿಯನ್ ಬಳಗದಲ್ಲಿ ಅದರ ಹೆಸರು 'ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ', ರೆಡ್ ಹ್ಯಾಟ್ ಬಳಗದಲ್ಲಿ 'ಅಪಾಚೆ'. ಸುಮಾ ಅವರ ಪುಟ ತಲುಪಬೇಕಾದರೆ ಆ ಖಾತೆ /ಹೋಮ್, ಅದರೊಳಗೆ ಸುಮಾ, ಅದರೊಳಗೆ ಪಬ್ಲಿಕ್_ಎಚ್‌ಟಿಎಂಎಲ್ ಹೀಗೆ ಒಂದೊಂದೇ ಹೊಸ್ತಿಲು ದಾಟಬೇಕು. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 750 ಅನುಮತಿಯೊಂದಿಗೆ ಹುಟ್ಟುತ್ತವೆ. ಹೊರಗಿನವರಿಗೆ ಅಲ್ಲಿ ಕಾಲಿಡಲೂ ಅವಕಾಶವಿಲ್ಲ, ವೆಬ್ ಸರ್ವರ್ ಕೂಡ ಹೊರಗಿನದೇ.

ಹಳೆಯ ಪಾಠ ಹೀಗಿದೆ: ಹೋಮ್ ಫೋಲ್ಡರ್‌ಗೆ 711, ಪಬ್ಲಿಕ್_ಎಚ್‌ಟಿಎಂಎಲ್‌ಗೆ 755, ಒಳಗಿನ ಫೈಲ್‌ಗಳಿಗೆ 644. ಈ ಅಂಕಿಗಳನ್ನು ಬಾಯಿಪಾಠ ಮಾಡುವ ಬದಲು ಅರ್ಥ ತಿಳಿದುಕೊಳ್ಳಿ. ಓದಲು 4, ಬರೆಯಲು 2, ನಡೆಸಲು 1. ಮೊದಲ ಅಂಕಿ ಮಾಲೀಕರದು, ಎರಡನೆಯದು ಗುಂಪಿನದು, ಮೂರನೆಯದು ಉಳಿದವರದು. ಫೋಲ್ಡರ್‌ನ ಮಟ್ಟಿಗೆ ಆ 1ಕ್ಕೆ ಬೇರೆಯೇ ಅರ್ಥ: ದಾಟಿ ಹೋಗಬಹುದು. 711 ಎಂದರೆ ನಡುಮನೆಯನ್ನು ಹಾದು ಹಿತ್ತಿಲಿಗೆ ಹೋಗಬಹುದು, ಆದರೆ ನಡುಮನೆಯಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವಂತಿಲ್ಲ. ಆದರೂ ಕಪಾಟಿನ ಹೆಸರು ಮೊದಲೇ ಗೊತ್ತಿದ್ದು, ಆ ಕಪಾಟಿಗೆ ಬೀಗವಿಲ್ಲದಿದ್ದರೆ ತೆರೆದು ನೋಡಬಹುದು. ಅದೇ ಸರ್ವರ್‌ನ ಉಳಿದ ಇಪ್ಪತ್ತೊಂಬತ್ತು ಬಳಕೆದಾರರೂ 'ಉಳಿದವರು' ಎಂಬ ಲೆಕ್ಕದಲ್ಲೇ ಬರುತ್ತಾರೆ ಎಂಬುದು ನೆನಪಿರಲಿ.

ಆದ್ದರಿಂದ ನಾನು ಈಗ ಬಳಸುವುದು ಎಸಿಎಲ್, ಅಂದರೆ ಹೆಸರು ಹಿಡಿದು ಒಬ್ಬೊಬ್ಬರಿಗೆ ಬೇರೆಯಾಗಿ ಅನುಮತಿ ಕೊಡುವ ಪಟ್ಟಿ. ವೆಬ್ ಸರ್ವರ್ ಒಂದಕ್ಕೇ ದಾಟುವ ಅನುಮತಿ, ಬೇರೆ ಯಾರಿಗೂ ಇಲ್ಲ:

ಸೆಟ್‌ಎಫ್‌ಎಸಿಎಲ್ -ಎಂ ಯು:ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ:ಎಕ್ಸ್ /ಹೋಮ್/ಸುಮಾ

ಹೋಮ್ ಫೋಲ್ಡರ್ 700 ಇದ್ದರೂ ಇದು ಕೆಲಸ ಮಾಡುತ್ತದೆ. ಒಳಗೆ ಪಬ್ಲಿಕ್_ಎಚ್‌ಟಿಎಂಎಲ್ 755 ಇದ್ದರೂ ನೆರೆಯ ಬಳಕೆದಾರರಿಗೆ ಹೊಸ್ತಿಲಲ್ಲೇ ತಡೆ. ಇದರಲ್ಲೊಂದು ಸೂಕ್ಷ್ಮವಿದೆ. ಈ ಆದೇಶದ ನಂತರ ಅನುಮತಿಯನ್ನು ನೋಡಿದರೆ 700 ಇದ್ದದ್ದು 710 ಎಂದು ಕಾಣುತ್ತದೆ. ಆ ನಡುವಿನ 1 ಗುಂಪಿಗೆ ಕೊಟ್ಟದ್ದಲ್ಲ, ಎಸಿಎಲ್‌ನ ಮಾಸ್ಕ್, ಅಂದರೆ ಎಸಿಎಲ್ ಕೊಟ್ಟ ಅನುಮತಿಗಳ ಮೇಲ್ಮಿತಿ. ಅದನ್ನು ಕಂಡು ಗಾಬರಿಯಾದ ಬಳಕೆದಾರರು 'ಸಿಎಚ್‌ಮಾಡ್ 700' ಎಂದು ಒತ್ತಿದರೆ ಮಾಸ್ಕ್ ಸೊನ್ನೆಯಾಗುತ್ತದೆ, ಎಸಿಎಲ್ ಇದ್ದೂ ಇಲ್ಲದಂತಾಗುತ್ತದೆ, ಪುಟ ಮತ್ತೆ 403. "ನಾನು ಏನೂ ಮಾಡಿಲ್ಲ, ತಾನಾಗಿಯೇ ನಿಂತಿತು" ಎಂಬ ದೂರು ಬಂದಾಗ ನಾನು ಮೊದಲು ನೋಡುವುದು ಇದನ್ನೇ.

ಅನುಮತಿ ಎಲ್ಲಿ ಕೆಟ್ಟಿದೆ ಎಂದು ಹುಡುಕಲು 'ನೇಮ್ಐ -ಎಲ್' ಎಂಬ ಪುಟ್ಟ ಆದೇಶವಿದೆ. ಅದಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ. ಇಂಡೆಕ್ಸ್ ಫೈಲ್‌ನ ಪೂರ್ಣ ದಾರಿಯನ್ನು ಕೊಟ್ಟರೆ ಒಂದೊಂದು ಮೆಟ್ಟಿಲಿಗೆ ಒಂದೊಂದು ಸಾಲು ಬರೆದು ತೋರಿಸುತ್ತದೆ: ಮೂಲ ಫೋಲ್ಡರ್, ಹೋಮ್, ಸುಮಾ, ಪಬ್ಲಿಕ್_ಎಚ್‌ಟಿಎಂಎಲ್, ಕೊನೆಗೆ ಫೈಲ್. ಐದು ಸಾಲುಗಳ ಮೇಲೆ ಕಣ್ಣಾಡಿಸಿ. ಫೋಲ್ಡರ್‌ನ ಯಾವ ಸಾಲಿನಲ್ಲಿ ಅನುಮತಿಯ ಕೊನೆಯ ಸ್ಥಾನದಲ್ಲಿ ಎಕ್ಸ್ ಬದಲು ಅಡ್ಡಗೆರೆ ಇದೆಯೋ ದಾರಿ ಅಲ್ಲೇ ಮುಚ್ಚಿದೆ (ಎಸಿಎಲ್ ಹಾಕಿದ ಫೋಲ್ಡರ್ ಆದರೆ 'ಗೆಟ್‌ಎಫ್‌ಎಸಿಎಲ್' ಕೂಡ ಓಡಿಸಿ ನೋಡಬೇಕು). ಅಪಾಚೆಯ ದೋಷದ ಲಾಗ್‌ನಲ್ಲಿ ಎಎಚ್00035 ಎಂಬ ಸಂಖ್ಯೆ ಕಂಡರೆ ಅದು ಹೇಳುತ್ತಿರುವುದೂ ಇಷ್ಟೇ: ದಾರಿಯಲ್ಲಿ ಯಾವುದೋ ಒಂದು ಫೋಲ್ಡರ್ ದಾಟಲು ಅನುಮತಿ ಇಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ಈ ಕೆಲಸಕ್ಕೆ ಹೊಸಬನಾಗಿದ್ದಾಗ 403ರ ದೂರುಗಳಿಂದ ರೋಸಿಹೋಗಿ, ಎಲ್ಲರ ಹೋಮ್ ಫೋಲ್ಡರ್‌ಗಳಿಗೂ ಒಮ್ಮೆಗೇ 'ಸಿಎಚ್‌ಮಾಡ್ -ಆರ್ 755' ಹಾಕಿದ್ದೆ. ಪುಟಗಳೆಲ್ಲ ಕಂಡವು, ನಾನು ಊಟಕ್ಕೆ ಹೋದೆ. ತಿರುಗಿ ಬರುವಷ್ಟರಲ್ಲಿ ಹೊಸ ದೂರುಗಳು ಕಾದಿದ್ದವು: ಬೇರೆ ಸರ್ವರ್‌ಗಳಿಗೆ ಲಾಗಿನ್ ಆಗುತ್ತಿಲ್ಲ. ಆ -ಆರ್ ಒಳಗಿನ ಪ್ರತಿಯೊಂದು ಫೈಲಿಗೂ ನುಗ್ಗಿ, ಬೇರೆ ಸರ್ವರ್‌ಗಳಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಖಾಸಗಿ ಕೀಲಿಗಳನ್ನೂ ಎಲ್ಲರೂ ಓದುವಂತೆ ಮಾಡಿತ್ತು. ಎಲ್ಲರಿಗೂ ತೆರೆದ ಕೀಲಿಯನ್ನು ಬಳಸಲು ಎಸ್‌ಎಸ್‌ಎಚ್ ಒಪ್ಪುವುದಿಲ್ಲ. ಅದು ಹಾಗೆ ಹಟ ಹಿಡಿಯದಿದ್ದರೆ ಆ ಕೀಲಿಗಳು ತಿಂಗಳುಗಟ್ಟಲೆ ಬಯಲಲ್ಲೇ ಬಿದ್ದಿರುತ್ತಿದ್ದವು. ಎಲ್ಲರ ಕೀಲಿಗಳನ್ನೂ ಹೊಸದಾಗಿ ಮಾಡಿಸಬೇಕಾಯಿತು. ಅಂದಿನಿಂದ ಹೋಮ್ ಫೋಲ್ಡರ್ ಮೇಲೆ -ಆರ್ ಮುಟ್ಟಿಲ್ಲ.

ಎಸ್‌ಇಲಿನಕ್ಸ್ (ಫೈಲ್ ಅನುಮತಿಗಳ ಮೇಲೆ ಇನ್ನೊಂದು ಪದರ ಕಾವಲು ಹಾಕುವ ವ್ಯವಸ್ಥೆ) ಇರುವ ಸರ್ವರ್ ಆದರೆ ಅನುಮತಿಗಳೆಲ್ಲ ಸರಿಯಿದ್ದರೂ 403 ಬರಬಹುದು. ಒಂದು ಸಾಲು ಅದನ್ನು ಬಗೆಹರಿಸುತ್ತದೆ:

ಸುಡೊ ಸೆಟ್‌ಎಸ್‌ಇಬೂಲ್ -ಪಿ ಎಚ್‌ಟಿಟಿಪಿಡಿ_ಎನೇಬಲ್_ಹೋಮ್‌ಡಿರ್ಸ್ ಆನ್

ಬೇರೆ ಕಡೆಯಿಂದ ಸರಿಸಿ ತಂದ ಫೈಲ್‌ಗಳು ಆಮೇಲೂ ಕಾಣದಿದ್ದರೆ ಪಬ್ಲಿಕ್_ಎಚ್‌ಟಿಎಂಎಲ್ ಮೇಲೆ 'ರಿಸ್ಟೋರ್‌ಕಾನ್' ಓಡಿಸಿ. ಎಸ್‌ಇಲಿನಕ್ಸ್ ಅನ್ನೇ ನಿಲ್ಲಿಸಿಬಿಡಿ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹಲವರು ಹಂಚಿಕೊಂಡ ಯಂತ್ರದಲ್ಲಿ ಅದರಷ್ಟು ಉಪಯೋಗಕ್ಕೆ ಬರುವ ಕಾವಲುಗಾರ ಇನ್ನೊಬ್ಬನಿಲ್ಲ.

ಹೆಜ್ಜೆ 3: ಹೊಸ ಖಾತೆಗಳಿಗೆ ಫೋಲ್ಡರ್ ತಾನಾಗಿ ಸಿಗುವಂತೆ ಮಾಡುವುದು

/ಇಟಿಸಿ/ಸ್ಕೆಲ್ ಒಳಗೆ ಪಬ್ಲಿಕ್_ಎಚ್‌ಟಿಎಂಎಲ್ ಫೋಲ್ಡರ್ ಮಾಡಿ, ಅದರಲ್ಲಿ ಒಂದು ಮಾದರಿ ಇಂಡೆಕ್ಸ್ ಪುಟ ಇಡಿ. ಮುಂದೆ ತೆರೆಯುವ ಪ್ರತಿ ಖಾತೆಯ ಹೋಮ್ ಫೋಲ್ಡರ್‌ಗೂ ಅದರ ಪ್ರತಿ ಹೋಗುತ್ತದೆ. ಈಗಾಗಲೇ ಇರುವ ಖಾತೆಗಳಿಗೆ ಕೈಯಾರೆ ಮಾಡಬೇಕು. ಮಾದರಿ ಪುಟದಲ್ಲೇ "ಈ ಫೋಲ್ಡರ್‌ನಲ್ಲಿ ಇಟ್ಟದ್ದನ್ನು ಜಗತ್ತೆಲ್ಲ ಓದಬಹುದು" ಎಂದು ದಪ್ಪಕ್ಷರದಲ್ಲಿ ಬರೆದಿಡಿ.

ಹೆಜ್ಜೆ 4: ಯಾವುದಕ್ಕೆ ಅವಕಾಶ ಕೊಡಬಾರದು

ಒಬ್ಬ ಬಳಕೆದಾರ ತನ್ನ ಪಬ್ಲಿಕ್_ಎಚ್‌ಟಿಎಂಎಲ್ ಒಳಗೆ ಸರ್ವರ್‌ನ ಮೂಲ ಫೋಲ್ಡರ್‌ಗೆ ಒಂದು ಸಾಂಕೇತಿಕ ಕೊಂಡಿ (ಇನ್ನೊಂದು ಫೈಲ್ ಅಥವಾ ಫೋಲ್ಡರ್‌ನತ್ತ ಕೈತೋರುವ ಸಿಮ್‌ಲಿಂಕ್) ಹಾಕುತ್ತಾನೆ ಎಂದುಕೊಳ್ಳಿ. ಅಪಾಚೆಯಲ್ಲಿ 'ಫಾಲೋಸಿಮ್‌ಲಿಂಕ್ಸ್' ಆಯ್ಕೆ ಇದ್ದು, ಉಳಿದ ಸೆಟ್ಟಿಂಗ್‌ಗಳೂ ಸಡಿಲವಾಗಿದ್ದರೆ ವೆಬ್ ಸರ್ವರ್ ಓದಬಲ್ಲದ್ದೆಲ್ಲ ಬ್ರೌಸರ್‌ನಲ್ಲಿ ಬಿಚ್ಚಿಕೊಳ್ಳುತ್ತದೆ. ಆದ್ದರಿಂದ ಬಳಕೆದಾರರ ಫೋಲ್ಡರ್‌ಗಳಿಗೆ 'ಸಿಮ್‌ಲಿಂಕ್ಸ್‌ಇಫ್‌ಓನರ್‌ಮ್ಯಾಚ್' ಆಯ್ಕೆಯೇ ಸರಿ. ಕೊಂಡಿಯ ಮಾಲೀಕ ಮತ್ತು ಕೊಂಡಿ ತೋರಿಸುವ ಫೈಲ್‌ನ ಮಾಲೀಕ ಒಬ್ಬರೇ ಆಗಿದ್ದರೆ ಮಾತ್ರ ಅಪಾಚೆ ಮುಂದೆ ಹೋಗುತ್ತದೆ. ಡೆಬಿಯನ್ ಜೊತೆಗೆ ಬರುವ ಸೆಟ್ಟಿಂಗ್‌ನಲ್ಲಿ ಇದು ಮೊದಲೇ ಇದೆ.

ಆದರೆ 'ಅಲೋಓವರ್‌ರೈಡ್ ಆಲ್' ಎಂದು ಬರೆದಿಟ್ಟರೆ ಇದೆಲ್ಲ ನೀರಿನಲ್ಲಿ ಹೋಮ. ಬಳಕೆದಾರರು ತಮ್ಮ ಫೋಲ್ಡರ್‌ಗೆ ತಾವೇ ಸೆಟ್ಟಿಂಗ್ ಬರೆದುಕೊಳ್ಳುವ .ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಒಂದೇ ಸಾಲು ಬರೆದು ಆಯ್ಕೆಯನ್ನು ತಮಗೆ ಬೇಕಾದಂತೆ ತಿರುಗಿಸಿಕೊಳ್ಳುತ್ತಾರೆ. ಪಾಸ್‌ವರ್ಡ್ ರಕ್ಷಣೆ, ದೋಷದ ಪುಟ, ಮರುನಿರ್ದೇಶನ ಇವಿಷ್ಟಕ್ಕೆ 'ಅಲೋಓವರ್‌ರೈಡ್' ಮುಂದೆ 'ಆಥ್‌ಕಾನ್ಫಿಗ್' ಮತ್ತು 'ಫೈಲ್‌ಇನ್ಫೋ' ಸಾಕು. 'ಆಪ್ಷನ್ಸ್' ಕೊಡಬೇಡಿ.

'ಇಂಡೆಕ್ಸಸ್' ಆಯ್ಕೆಯನ್ನೂ ನಾನು ತೆಗೆದುಬಿಡುತ್ತೇನೆ. ಅದಿದ್ದರೆ ಇಂಡೆಕ್ಸ್ ಪುಟವಿಲ್ಲದ ಫೋಲ್ಡರ್‌ನಲ್ಲಿರುವ ಫೈಲ್‌ಗಳ ಪಟ್ಟಿಯೇ ಹೊರಗೆ ಕಾಣುತ್ತದೆ, ಎಡಿಟರ್ ಬಿಟ್ಟುಹೋದ ಹಳೆಯ ಪ್ರತಿಗಳೂ ಸೇರಿ. ಹಳೆಯ ಆವೃತ್ತಿಗಳನ್ನೆಲ್ಲ ಉಳಿಸಿಡುವ ಗಿಟ್ ಬಳಸುವವರು ಇಡೀ ರೆಪೊಸಿಟರಿಯನ್ನೇ ಪಬ್ಲಿಕ್_ಎಚ್‌ಟಿಎಂಎಲ್‌ಗೆ ಇಳಿಸಿಕೊಳ್ಳುವುದುಂಟು. ಆಗ .ಗಿಟ್ ಫೋಲ್ಡರ್ ಮೂಲಕ ಹಳೆಯ ಆವೃತ್ತಿಗಳೆಲ್ಲ, ಎಂದೋ ಬರೆದು ಅಳಿಸಿದ ಪಾಸ್‌ವರ್ಡ್‌ಗಳೂ ಹೊರಬೀಳುತ್ತವೆ. ಅಪಾಚೆ ತಾನಾಗಿ ಮುಚ್ಚಿಡುವುದು .ಎಚ್‌ಟಿ ಎಂದು ಶುರುವಾಗುವ ಫೈಲ್‌ಗಳನ್ನು ಮಾತ್ರ. .ಗಿಟ್ ದಾರಿಗೆ 404 ಕೊಡುವ ಒಂದು 'ರಿಡೈರೆಕ್ಟ್‌ಮ್ಯಾಚ್' ನಿಯಮವನ್ನು ನೀವೇ ಸೇರಿಸಬೇಕು.

ಸರ್ವರ್‌ನಲ್ಲೇ ಓಡಿ ಪುಟ ತಯಾರಿಸುವ ಸ್ಕ್ರಿಪ್ಟ್ ಭಾಷೆಯಾದ ಪಿಎಚ್‌ಪಿ ವಿಷಯ ಇನ್ನೂ ಕಠಿಣ. ಡೆಬಿಯನ್‌ನ ಅಪಾಚೆ ಪಿಎಚ್‌ಪಿ ಮಾಡ್ಯೂಲ್ ಬಳಕೆದಾರರ ಫೋಲ್ಡರ್‌ಗಳಲ್ಲಿ ಪಿಎಚ್‌ಪಿಯನ್ನು ನಿಲ್ಲಿಸಿಯೇ ಇಟ್ಟಿರುತ್ತದೆ, ಅದಕ್ಕೆ ತಕ್ಕ ಕಾರಣವೂ ಇದೆ. ಆ ಮಾಡ್ಯೂಲ್‌ನಲ್ಲಿ ಎಲ್ಲರ ಸ್ಕ್ರಿಪ್ಟ್‌ಗಳೂ ವೆಬ್ ಸರ್ವರ್‌ನ ಒಂದೇ ಖಾತೆಯಲ್ಲಿ ಓಡುತ್ತವೆ. ಸುಮಾ ಅವರ ಡೇಟಾಬೇಸ್ ಪಾಸ್‌ವರ್ಡ್ ಇರುವ ಫೈಲನ್ನು ವೆಬ್ ಸರ್ವರ್ ಓದಬಲ್ಲದು ಎಂದಾದರೆ ರವಿ ಬರೆದ ನಾಲ್ಕು ಸಾಲಿನ ಸ್ಕ್ರಿಪ್ಟ್ ಕೂಡ ಓದಬಲ್ಲದು. ನಾವು ಅಷ್ಟು ಜತನದಿಂದ ಹಾಕಿದ ಎಸಿಎಲ್ ಗೋಡೆಗೆ ಹಿಂಬಾಗಿಲು ತೆರೆದಂತೆ. ಪಿಎಚ್‌ಪಿ ಬೇಕೇ ಬೇಕು ಎಂದರೆ ಪಿಎಚ್‌ಪಿ-ಎಫ್‌ಪಿಎಂನಲ್ಲಿ ಒಬ್ಬೊಬ್ಬರಿಗೆ ಅವರದೇ ಖಾತೆಯಲ್ಲಿ ಓಡುವ ಬೇರೆ ಬೇರೆ ಪೂಲ್ (ಪಿಎಚ್‌ಪಿ ಪ್ರಕ್ರಿಯೆಗಳ ಗುಂಪು) ಮಾಡಿಕೊಡಿ. ಪೂಲ್‌ನ ಬಗೆ 'ಆನ್‌ಡಿಮ್ಯಾಂಡ್' ಎಂದಿಟ್ಟರೆ ಯಾರೂ ನೋಡದ ಪುಟಗಳು ಸುಮ್ಮನೆ ಮೆಮೊರಿ ತಿನ್ನುವುದಿಲ್ಲ. ಸಿಜಿಐ ಎಂಬ ಹಳೆಯ ಬಗೆಯ ಸ್ಕ್ರಿಪ್ಟ್‌ಗಳಿಗೆ ಇದೇ ಕೆಲಸವನ್ನು ಅಪಾಚೆಯ ಸೂಎಕ್ಸೆಕ್ ಮಾಡುತ್ತದೆ.

ಮೊದಲ ಆರು ತಿಂಗಳು ಬರೀ ಸ್ಥಿರ ಪುಟಗಳಿಗೆ ಅವಕಾಶ ಕೊಡಿ ಎನ್ನುವುದು ನನ್ನ ಸಲಹೆ. ಹ್ಯೂಗೋ, ಜೆಕಿಲ್‌ನಂತಹ ಸಾಧನಗಳಿಂದ ತಮ್ಮ ಕಂಪ್ಯೂಟರ್‌ನಲ್ಲೇ ಪುಟಗಳನ್ನು ಸಿದ್ಧಪಡಿಸಿ ಇಲ್ಲಿಗೆ ಏರಿಸುವವರಿಗೆ ಸರ್ವರ್‌ನಲ್ಲಿ ಪಿಎಚ್‌ಪಿಯ ಅಗತ್ಯವೇ ಬೀಳುವುದಿಲ್ಲ.

ಅಪಾಚೆಯ ಬದಲು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ಯೂಸರ್‌ಡಿರ್ ಮಾಡ್ಯೂಲ್ ಇಲ್ಲ. ~ ಇರುವ ವಿಳಾಸವನ್ನು ಹಿಡಿದು ಪಬ್ಲಿಕ್_ಎಚ್‌ಟಿಎಂಎಲ್‌ಗೆ ತಿರುಗಿಸುವ ಲೊಕೇಷನ್ ನಿಯಮವನ್ನು ನೀವೇ ಬರೆಯಬೇಕು. .ಎಚ್‌ಟಿಆಕ್ಸೆಸ್ ಕೂಡ ಇಲ್ಲ, ಅದು ನನ್ನ ದೃಷ್ಟಿಯಲ್ಲಿ ಒಂದು ತಲೆನೋವು ಕಡಿಮೆ.

ಹೆಜ್ಜೆ 5: ಒಂದೇ ವಿಳಾಸ ಹಂಚಿಕೊಳ್ಳುವ ಅಪಾಯ

ಸರ್ವರ್ ಒಳಗೆ ಎಷ್ಟೇ ಗೋಡೆ ಎಬ್ಬಿಸಿದರೂ ಬ್ರೌಸರ್‌ಗೆ ಅವು ಕಾಣುವುದಿಲ್ಲ. ಅದು ನೋಡುವುದು ಪ್ರೋಟೋಕಾಲ್, ಹೋಸ್ಟ್ ಹೆಸರು, ಪೋರ್ಟ್ ಈ ಮೂರನ್ನು. ಇವು ಒಂದೇ ಆದರೆ ಮೂಲವೂ ಒಂದೇ ಎಂದು ಅದರ ಲೆಕ್ಕ. /~ಸುಮಾ/ ಮತ್ತು /~ರವಿ/ ಎರಡೂ ಅದರ ಪಾಲಿಗೆ ಒಂದೇ ಮನೆಯ ಎರಡು ಕೋಣೆಗಳು. ರವಿ ಅವರ ಪುಟದ ಜಾವಾಸ್ಕ್ರಿಪ್ಟ್, ಸುಮಾ ಅವರ ಪುಟ ಬ್ರೌಸರ್‌ನ ಲೋಕಲ್ ಸ್ಟೋರೇಜ್‌ನಲ್ಲಿ ಇಟ್ಟದ್ದನ್ನು ಓದಬಲ್ಲದು.

ಅದೇ ಹೋಸ್ಟ್ ಹೆಸರಿನಲ್ಲಿ ನೀವು ವೆಬ್‌ಮೇಲ್ ಅಥವಾ ಆಡಳಿತದ ಪುಟ ಇಟ್ಟಿದ್ದರೆ ಪರಿಸ್ಥಿತಿ ಇನ್ನೂ ಗಂಭೀರ. ನೀವು ಅದಕ್ಕೆ ಲಾಗಿನ್ ಆಗಿರುವಾಗ ಇನ್ನೊಂದು ಟ್ಯಾಬ್‌ನಲ್ಲಿ ರವಿ ಅವರ ಪುಟ ತೆರೆಯುತ್ತೀರಿ. ಆ ಪುಟದ ಸ್ಕ್ರಿಪ್ಟ್ ನಿಮ್ಮ ವೆಬ್‌ಮೇಲ್‌ಗೆ ಕೋರಿಕೆ ಕಳಿಸಿದರೆ ನಿಮ್ಮ ಲಾಗಿನ್ ಗುರುತಾದ ಕುಕೀಯೂ ಜೊತೆಗೇ ಹೋಗುತ್ತದೆ, ಬಂದ ಉತ್ತರವನ್ನು ಸ್ಕ್ರಿಪ್ಟ್ ಓದುತ್ತದೆ. ಸ್ಕ್ರಿಪ್ಟ್‌ಗಳಿಂದ ಮರೆಮಾಡಿದ ಕುಕೀ ಆದರೂ ಇಲ್ಲಿ ರಕ್ಷಣೆಯಿಲ್ಲ, ಏಕೆಂದರೆ ಸ್ಕ್ರಿಪ್ಟ್‌ಗೆ ಕುಕೀಯನ್ನು ನೋಡುವ ಅಗತ್ಯವೇ ಇಲ್ಲ, ಅದು ಹೋದರೆ ಸಾಕು. ಗಿಟ್‌ಹಬ್ 2013ರಲ್ಲಿ ಬಳಕೆದಾರರ ಪುಟಗಳನ್ನು ತನ್ನ ಮುಖ್ಯ ಡೊಮೇನ್‌ನಿಂದ ಗಿಟ್‌ಹಬ್.ಐಒ ಎಂಬ ಬೇರೆಯದಕ್ಕೆ ಸಾಗಿಸಿದ್ದು ಇಂತಹ ಅಪಾಯಗಳನ್ನು ದೂರವಿಡಲೆಂದೇ.

ಕನಿಷ್ಠ ಪಕ್ಷ ಬಳಕೆದಾರರ ಪುಟಗಳಿಗೆ ಬೇರೆಯದೇ ಡೊಮೇನ್ ಕೊಡಿ, ಅಲ್ಲಿ ಲಾಗಿನ್ ಇರುವ ಯಾವುದನ್ನೂ ಇಡಬೇಡಿ. ಇನ್ನೂ ಒಳ್ಳೆಯದು, ಒಬ್ಬೊಬ್ಬರಿಗೆ ಒಂದೊಂದು ಉಪಡೊಮೇನ್. ಅಪಾಚೆಯ ವಿಹೋಸ್ಟ್_ಅಲಿಯಾಸ್ ಮಾಡ್ಯೂಲ್‌ನಲ್ಲಿ ಇದು ಒಂದೇ ಸಾಲು:

ವರ್ಚುವಲ್‌ಡಾಕ್ಯುಮೆಂಟ್‌ರೂಟ್ /ಹೋಮ್/%1/ಪಬ್ಲಿಕ್_ಎಚ್‌ಟಿಎಂಎಲ್

%1 ಎಂದರೆ ಹೋಸ್ಟ್ ಹೆಸರಿನಲ್ಲಿ ಮೊದಲ ಚುಕ್ಕೆಗಿಂತ ಮುಂಚಿನ ಭಾಗ. ಡಿಎನ್‌ಎಸ್‌ನಲ್ಲಿ (ಹೆಸರಿನಿಂದ ಸರ್ವರ್ ಹುಡುಕುವ ವ್ಯವಸ್ಥೆ) * ಇರುವ ಒಂದು ದಾಖಲೆ ಸೇರಿಸಿದರೆ ಹೊಸ ಬಳಕೆದಾರರಿಗೆ ಪ್ರತಿ ಸಲ ಏನೂ ಮಾಡಬೇಕಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನಿಂದ * ಇರುವ ಪ್ರಮಾಣಪತ್ರವೂ ಉಚಿತವಾಗಿ ಸಿಗುತ್ತದೆ, ಆದರೆ ಡಿಎನ್‌ಎಸ್ ದಾಖಲೆಯ ಮೂಲಕವೇ ಡೊಮೇನ್ ನಿಮ್ಮದೆಂದು ತೋರಿಸಬೇಕು. ಎಚ್ಚರ ಒಂದಿದೆ: ಮೊದಲ ಹೆಜ್ಜೆಯಲ್ಲಿ ಬರೆದ ಹೆಸರುಗಳ ಪಟ್ಟಿ ಇಲ್ಲಿಗೆ ಅನ್ವಯಿಸುವುದಿಲ್ಲ. ಪಬ್ಲಿಕ್_ಎಚ್‌ಟಿಎಂಎಲ್ ಇದ್ದು, ವೆಬ್ ಸರ್ವರ್‌ಗೆ ದಾಟುವ ಅನುಮತಿಯೂ ಇರುವ ಎಲ್ಲರ ಪುಟಗಳೂ ಕಾಣುತ್ತವೆ. ಎಸಿಎಲ್ ಅನ್ನೇ ಪಟ್ಟಿಯಂತೆ ಬಳಸಿ. ಕೇಳಿದವರ ಫೋಲ್ಡರ್‌ಗೆ ಮಾತ್ರ ಹಾಕಿ.

ಹೆಜ್ಜೆ 6: ಏರಿಸುವುದು, ಅಳೆಯುವುದು

ಫೈಲ್ ಏರಿಸಲು ಎಫ್‌ಟಿಪಿ ಬೇಡ. ಅದರಲ್ಲಿ ಪಾಸ್‌ವರ್ಡ್ ಬಟ್ಟಬಯಲಾಗಿ ಹೋಗುತ್ತದೆ. ಶೆಲ್ ಬೇಕಿಲ್ಲದವರಿಗೆ ಬರೀ ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೂಲಕ ಗುಪ್ತವಾಗಿ ಫೈಲ್ ಸಾಗಿಸುವ ಬಗೆ) ಕೊಡಿ. ಅವರನ್ನು ಒಂದು ಫೋಲ್ಡರ್‌ನೊಳಗೇ ಕಟ್ಟಿಹಾಕಲು 'ಕ್ರೂಟ್‌ಡೈರೆಕ್ಟರಿ' ಬಳಸುವುದಾದರೆ, ಆ ಫೋಲ್ಡರ್ ರೂಟ್ (ಆಡಳಿತದ ಖಾತೆ) ಮಾಲೀಕತ್ವದಲ್ಲಿರಬೇಕು, ಬೇರೆ ಯಾರೂ ಅದರಲ್ಲಿ ಬರೆಯುವಂತಿರಬಾರದು. ಇಲ್ಲದಿದ್ದರೆ ಲಾಗಿನ್ ಆದ ಕ್ಷಣವೇ ಸಂಪರ್ಕ ಕಡಿದುಹೋಗುತ್ತದೆ, ಕಾರಣವನ್ನೂ ಬಳಕೆದಾರರಿಗೆ ಹೇಳುವುದಿಲ್ಲ.

ಡಿಸ್ಕ್ ಕೋಟಾ (ಒಬ್ಬೊಬ್ಬರು ಬಳಸಬಹುದಾದ ಜಾಗದ ಮಿತಿ) ಮೊದಲ ದಿನವೇ ಹಾಕಿ. ಜಾಗ ತುಂಬಿದ ಮೇಲೆ ಹಾಕಹೊರಟರೆ ಜಗಳ ಖಚಿತ. ಮೆದು ಮಿತಿ ದಾಟಿದವರಿಗೆ ಸಾಮಾನ್ಯವಾಗಿ 7 ದಿನಗಳ ಗಡುವು ಇರುತ್ತದೆ, ಗಟ್ಟಿ ಮಿತಿಯನ್ನು ದಾಟಲು ಆಗುವುದೇ ಇಲ್ಲ. ಲಾಗ್ ಕೇಳುವವರಿಗೆ ಅವರ ಪುಟದ ಸಾಲುಗಳನ್ನು ಮಾತ್ರ ಸೋಸಿ ಕೊಡಿ. ಉಳಿದದ್ದರಲ್ಲಿ ಬೇರೆಯವರ ಓದುಗರ ಐಪಿ ವಿಳಾಸಗಳಿರುತ್ತವೆ.

ಒಂದು ಪುಟದ ನಿಯಮಾವಳಿಯನ್ನೂ ಬರೆದಿಡಿ. ಒಬ್ಬರ ಖಾತೆ ಕದ್ದು ಯಾರೋ ಅಲ್ಲಿ ಬ್ಯಾಂಕಿನ ನಕಲಿ ಪುಟ ಇಟ್ಟರೆ, ಬ್ರೌಸರ್‌ಗಳ ಅಪಾಯದ ಪಟ್ಟಿಗೆ ನಿಮ್ಮ ಇಡೀ ಡೊಮೇನ್ ಸೇರಬಹುದು. ಅಂತಹ ಪುಟವನ್ನು ಮೊದಲು ತೆಗೆದು, ಆಮೇಲೆ ತಿಳಿಸುತ್ತೇವೆ ಎಂಬುದು ಆ ನಿಯಮಾವಳಿಯಲ್ಲಿ ಸ್ಪಷ್ಟವಾಗಿರಲಿ.

ಹೆಜ್ಜೆ 7: ಬಿಟ್ಟು ಹೋದವರ ಖಾತೆ

ಯಾರಾದರೂ ಬಿಟ್ಟು ಹೋದಾಗ ಮೊದಲು ಲಾಗಿನ್ ಮುಚ್ಚಿ, ಪುಟವನ್ನು ಅವರಿಗೆ ಹೇಳಿದಷ್ಟು ದಿನ ಇರಗೊಡಿ. ಬೇರೆಯವರು ಆ ಪುಟಕ್ಕೆ ಕೊಂಡಿ ಹಾಕಿರುತ್ತಾರೆ. ಆಮೇಲೆ ಪ್ರತಿ ತೆಗೆದಿಟ್ಟುಕೊಂಡು 'ಯೂಸರ್‌ಡೆಲ್ -ಆರ್' ಎಂದು ಅಳಿಸಿ. ಇಲ್ಲಿ -ಆರ್ ಬೇಕು (ಸಿಎಚ್‌ಮಾಡ್‌ನದು ದೊಡ್ಡಕ್ಷರದ ಆರ್, ಇಲ್ಲಿಯದು ಸಣ್ಣಕ್ಷರದ್ದು). ಫೈಲ್‌ಗಳ ಮೇಲೆ ಲಿನಕ್ಸ್ ಬರೆದಿಟ್ಟುಕೊಳ್ಳುವುದು ಹೆಸರನ್ನಲ್ಲ, ಬಳಕೆದಾರರ ಸಂಖ್ಯೆಯನ್ನು. ಸುಮಾ ಅವರ ಸಂಖ್ಯೆ 1012 ಆಗಿದ್ದು, ಖಾತೆ ಮಾತ್ರ ಅಳಿದು ಫೈಲ್‌ಗಳು ಉಳಿದರೆ, ಮುಂದೆ 1012 ಸಿಕ್ಕ ಹೊಸಬರು ಅವುಗಳ ಮಾಲೀಕರಾಗುತ್ತಾರೆ. ಹೋಮ್ ಫೋಲ್ಡರ್‌ನ ಹೊರಗೆ ಅವರದ್ದೇನಾದರೂ ಉಳಿದಿದೆಯೇ ಎಂದು ನೋಡಲು, ಆ ಸಂಖ್ಯೆಯನ್ನು ಇನ್ನೊಬ್ಬರಿಗೆ ಕೊಡುವ ಮುಂಚೆಯೇ ಈ ಸಾಲನ್ನು ಓಡಿಸಿ:

ಸುಡೊ ಫೈಂಡ್ / -ಎಕ್ಸ್‌ಡೆವ್ -ನೋಯೂಸರ್

/ಹೋಮ್ ಬೇರೆ ಪಾರ್ಟಿಷನ್‌ನಲ್ಲಿದ್ದರೆ ಅದಕ್ಕೆ ಇದೇ ಆದೇಶವನ್ನು ಪ್ರತ್ಯೇಕವಾಗಿ ಓಡಿಸಬೇಕು, -ಎಕ್ಸ್‌ಡೆವ್ ಪಾರ್ಟಿಷನ್ ದಾಟುವುದಿಲ್ಲ.